ಪ್ರೆಸ್ಸಿನ ನೆಲಮಾಳಿಗೆ

ಹದಿನಾರಾದರೂ ಚೋಟುದ್ದವೇ ಇದ್ದುದರಿಂದ ಎಲ್ಲರ ಬಾಯಲ್ಲೂ ಅವಳು ಚೋಟಿ. ಎರಡು ವರ್ಷದಿಂದ ಸೋದರತ್ತೆಯ ಹತ್ತಿರ ರಕ್ತಪಿಶಾಚಿ ಬೇಟೆ ಕಲಿಯುತ್ತಿದ್ದಳು. ಊರಿನ ಕಣ್ಣಿಗೆ ಅತ್ತೆ ಬೀಗ ರಿಪೇರಿಯವಳು. ಆ ನೆಪದಲ್ಲಿ ಯಾರ ನೆಲಮಾಳಿಗೆಗಾದರೂ ಹಾಡುಹಗಲೇ ಇಳಿಯಬಹುದಿತ್ತು. ಪಿಶಾಚಿಗಳು ಮಲಗುವುದೂ ಹಗಲಲ್ಲೇ.

ಆ ಸೋಮವಾರ ಅತ್ತೆಗೆ ಮಂಡಿನೋವು. ಪ್ರಿಂಟಿಂಗ್ ಪ್ರೆಸ್ಸಿನ ನೆಲಮಾಳಿಗೆಯನ್ನು ನೋಡಿಕೊಂಡು ಬಾ ಎಂದು ಚೋಟಿಯೊಬ್ಬಳನ್ನೇ ಕಳಿಸಿದಳು. ಕೊಲ್ಲುವುದೇನೂ ಬೇಡ, ಪಿಶಾಚಿ ಇದೆಯೋ ಇಲ್ಲವೋ ತಿಳಿದರೆ ಸಾಕು. ಚೋಟಿ ಏಳು ಮೆಟ್ಟಿಲು ಇಳಿದಿದ್ದಳು, ಕಾಗದದ ರೀಲುಗಳ ಹಿಂದೆ ಏನೋ ಕೆರೆದಂತಾಯಿತು. ಟಾರ್ಚನ್ನು ಅತ್ತ ತಿರುಗಿಸಲು ಕೈ ಬರಲಿಲ್ಲ. ಇಲಿಯಿರಬೇಕು ಎಂದು ತನಗೆ ತಾನೇ ಹೇಳಿಕೊಂಡು ಮೇಲೆ ಓಡಿಬಂದಳು. ಮನೆಯಲ್ಲಿ ಅತ್ತೆ ಕೇಳಿದಾಗ ಖಾಲಿ ಇದೆ ಎಂದುಬಿಟ್ಟಳು. ಅತ್ತೆ ಬೆನ್ನು ತಟ್ಟಿದಳು.

ಗುರುವಾರ ಕತ್ತಲಾದ ಮೇಲೆ, ಪ್ರೆಸ್ಸಿನ ಬೈಂಡಿಂಗ್ ಮೇಸ್ತ್ರಿ ರಟ್ಟು ತರಲು ಕೆಳಗಿಳಿದವನು ಮೇಲೆ ಬರಲಿಲ್ಲ. ಸುದ್ದಿ ಕೇಳಿ ಅತ್ತೆ ಕುಂಟುತ್ತಲೇ ಓಡಿದಳು. ರೀಲುಗಳ ಹಿಂದಿದ್ದ ಪಿಶಾಚಿಯ ಎದೆಗೆ ಗೂಟ ಹೊಡೆದು ಬೂದಿ ಮಾಡಿದಳು. ಮೇಸ್ತ್ರಿಯ ಜೀವವೇನೋ ಉಳಿಯಿತು. ಆದರೆ ಪಿಶಾಚಿ ಕಚ್ಚಿದ ಮೈ ಇನ್ನೆಂದೂ ಬಿಸಿಲು ತಡೆಯದು. ಅವನ ಮನೆಯ ಕಿಟಕಿಗಳಿಗೆಲ್ಲ ಕಂಬಳಿ ಬಿತ್ತು.

ಅತ್ತೆ ಅವನ ಹೆಂಡತಿಯ ಮುಂದೆ ತಲೆ ತಗ್ಗಿಸಿ, ತನ್ನ ಬೇಟೆಯ ಗುಟ್ಟು ಬಿಚ್ಚಿಟ್ಟು, ಸೋಮವಾರ ತಾನೇ ಹೋಗಬೇಕಿತ್ತು, ತಪ್ಪು ತನ್ನದೇ ಎಂದಳು. ಪಕ್ಕದಲ್ಲಿದ್ದ ಚೋಟಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಎರಡು ದಿನ ಊಟಕ್ಕೇ ಏಳಲಿಲ್ಲ. ಜ್ವರವೇನೋ ಎಂದು ಅತ್ತೆ ಹಣೆ ಮುಟ್ಟಿದ್ದೇ ತಡ, ಅವಳಿಗೆ ಅಳು ಒತ್ತರಿಸಿ ಬಂತು.

"ಅತ್ತೆ, ನಾನವತ್ತು ಪೂರ್ತಿ ಇಳೀಲೇ ಇಲ್ಲ. ಸದ್ದು ಕೇಳಿಸ್ತು, ಹೆದರಿ ಓಡಿಬಂದೆ."

ಅತ್ತೆ ಅವಳನ್ನು ಎಬ್ಬಿಸಿ ಕೂರಿಸಿದಳು.

"ಹೆದರಿದ್ದಕ್ಕೆ ನಾನೇನೂ ಅನ್ನಲ್ಲ. ಹೆದರ್ಕೊಂಡೆ ಅಂತ ಬಂದು ಹೇಳಿದ್ರೆ ಆಗ್ತಿತ್ತಲ್ಲೇ," ಎಂದಳು. "ನನಗೆ ಹೇಳಿದ್ದು ಸಾಲದು. ಅವರಿಗೂ ಹೇಳು, ಹೋಗು."

ಮೇಸ್ತ್ರಿಯ ಹೆಂಡತಿ ಹೊಸ್ತಿಲಲ್ಲೇ ಎಲ್ಲ ಕೇಳಿಸಿಕೊಂಡು ಬಾಗಿಲು ಹಾಕಿಕೊಂಡಳು. ಚೋಟಿ ಮರುದಿನವೂ ಹೋದಳು. ಮೂರನೆಯ ದಿನ ಒಳಗಿನಿಂದ ಮೇಸ್ತ್ರಿಯೇ ಬಾ ಎಂದು ಕರೆದ. ಬಲ್ಬಿನ ಕೆಳಗೆ ಕೂತು ಪುಸ್ತಕ ಹೊಲಿಯುತ್ತಿದ್ದ.

"ಹೋಗ್ಲಿ ಬಿಡು ಅಂತ ಬಾಯಲ್ಲಿ ಹೇಳ್ಬೋದಮ್ಮ," ಎಂದ. "ಆದ್ರೆ ಬೆಳಗಾಯ್ತು ಅಂದ್ರೆ ಕಾಲು ತಾನಾಗೇ ಕಿಟಕಿ ಕಡೆ ಹೋಗತ್ತೆ. ಆಗ ನಿನ್ನ ನೆನಪಾಗತ್ತೆ."

ಪ್ರೆಸ್ಸಿನಿಂದ ಬೈಂಡಿಂಗ್ ಕೆಲಸ ತಂದುಕೊಡಲೇ ಎಂದಷ್ಟೇ ಚೋಟಿ ಕೇಳಿದಳು. ಅವನು ಬೇಡ ಎನ್ನಲಿಲ್ಲ.

ಮುಂದಿನ ತಿಂಗಳು ಬಟ್ಟೆ ಅಂಗಡಿಯ ನೆಲಮಾಳಿಗೆಗೆ ಹೋದವಳು ಅರ್ಧಕ್ಕೇ ವಾಪಸು ಬಂದು, ಎಡಗಡೆ ಮೂಲೆ ನೋಡಲು ಧೈರ್ಯ ಸಾಲಲಿಲ್ಲ ಎಂದು ಒಪ್ಪಿಕೊಂಡಳು. ಅತ್ತೆ ಚಪ್ಪಲಿ ಮೆಟ್ಟಿದಳು. ಇಬ್ಬರೂ ಹೋಗಿ ನೋಡಿದರು. ಅಲ್ಲಿ ಹಳೇ ಕುರ್ಚಿಗಳಿದ್ದವು, ಅಷ್ಟೇ.

ಸಂಜೆ ಶಾಲೆ ಬಿಟ್ಟ ಮೇಲೆ ಚೋಟಿ ಈಗಲೂ ಕಾಗದದ ಕಟ್ಟು ಹೊತ್ತು ಮೇಸ್ತ್ರಿಯ ಮನೆಗೆ ಹೋಗುತ್ತಾಳೆ. ಅವನ ಹೆಂಡತಿ ಬಾಗಿಲಲ್ಲೇ ಇಸಿದುಕೊಳ್ಳುತ್ತಾಳೆ. ಇದುವರೆಗೆ ಒಂದು ಮಾತೂ ಆಡಿಲ್ಲ.