ಎರಡೂ ಬಲತೋಳು

ಐದು ಊರುಗಳ ಕಲಿಕೆಮನೆಗಳಿಗೆ ಒಂದೇ ಕಟ್ಟಳೆ. ತಿಂಗಳಿಗೊಮ್ಮೆ ಪ್ರತಿ ಮನೆಯಿಂದ ಒಬ್ಬರು ಬಸ್ಸು ಹತ್ತಿ ಮುಂದಿನ ಊರಿಗೆ ಹೋಗಿ, ತಮಗೆ ಗೊತ್ತಿರುವುದನ್ನು ಕಲಿಸಿ ಬರಬೇಕು. ಸಾಲಾಗಿ ಎರಡು ತಿಂಗಳು ತಪ್ಪಿದರೆ ಆ ಮನೆ ಸರಪಳಿಯಿಂದ ಕಳಚಿಕೊಂಡಂತೆ.

ದರ್ಜಿಯಮ್ಮನ ಅಂಗಡಿಯ ಹಿಂದಿನ ಕೋಣೆಯೂ ಅಂಥದೊಂದು ಕಲಿಕೆಮನೆ. ಹೋದ ತಿಂಗಳು ಅಲ್ಲಿಂದ ಯಾರೂ ಹೋಗಿರಲಿಲ್ಲ. ಈ ತಿಂಗಳು ಹೊರಡಬೇಕಿದ್ದ ಸೈಕಲ್ ರಿಪೇರಿಯವಳು ಜ್ವರವೆಂದು ಬೆಳಿಗ್ಗೆ ಹೇಳಿಕಳಿಸಿದಳು. ಬಸ್ಸಿಗೆ ಇನ್ನೊಂದೇ ಗಂಟೆ.

"ನೀನೇ ಹೋಗು," ಎಂದರು ದರ್ಜಿಯಮ್ಮನ ಅತ್ತೆ, ಗುಂಡಿ ಹೊಲಿಯುತ್ತ.

"ನಾನೇನು ಕಲಿಸ್ಲಿ ಅತ್ತೆ? ಚಾಪೆ ಹಾಸೋದು, ಬೀಗ ತೆಗೆಯೋದು, ಅಷ್ಟೇ ನನ್ನ ಕೆಲಸ."

"ಮತ್ತೆ ಊರವರ ಬಟ್ಟೆಯೆಲ್ಲ ಹೊಲಿಯೋದು ಯಾರು, ನಿನ್ನ ಗಂಡನಾ? ಅವನಿಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ. ಹೆತ್ತವಳು ನಾನು, ನಂಗೊತ್ತಿಲ್ವಾ."

ಒಂಬತ್ತು ವರ್ಷ ಅವಳು ಬೇರೆಯವರನ್ನು ಹುರಿದುಂಬಿಸಿ ಬಸ್ಸು ಹತ್ತಿಸಿದ್ದಳು. ತನ್ನ ಸರದಿ ಬಂದಾಗಲೆಲ್ಲ ಏನಾದರೊಂದು ನೆಪ. ನಾಲ್ಕು ಜನರೆದುರು ನಿಂತರೆ ನಾಲಿಗೆ ಒಣಗುತ್ತದೆಂದು ಯಾರಿಗೂ ಹೇಳಿರಲಿಲ್ಲ. ಅತ್ತೆಗೆ ಗೊತ್ತಿತ್ತೇನೋ, ಮಾತು ಬೆಳೆಸದೆ ಕತ್ತರಿಯನ್ನು ಚೀಲಕ್ಕೆ ಹಾಕಿಕೊಟ್ಟರು.

ಮುಂದಿನ ಊರಿನ ಕಲಿಕೆಮನೆಯಲ್ಲಿ ಹನ್ನೆರಡು ಹೆಂಗಸರು ಕಾದಿದ್ದರು. ಅವಳು ಬಾಯಿ ಬಿಡದೆ ಹೂವಿನ ಬಟ್ಟೆ ಹಾಸಿ ರವಿಕೆಯ ತೋಳು ಕತ್ತರಿಸತೊಡಗಿದಳು. ಗಾಬರಿಯಲ್ಲಿ ಬಟ್ಟೆ ಮಡಿಸಲು ಮರೆತು, ಮೊದಲ ತೋಳನ್ನೇ ಮೇಲಿಟ್ಟು ಎರಡನೆಯದನ್ನೂ ಕತ್ತರಿಸಿದಳು.

ಬೇಕರಿಯಲ್ಲಿ ಕೆಲಸ ಮಾಡುವವಳೊಬ್ಬಳು ಎರಡನ್ನೂ ತನ್ನ ಭುಜಕ್ಕೆ ಹಿಡಿದು ನೋಡಿದಳು. "ಅಕ್ಕಾ, ಎರಡೂ ಬಲಗೈಗೇ ಆಯ್ತಲ್ವಾ?"

ಯಾರೋ ಕಿಸಕ್ಕೆಂದರು. ದರ್ಜಿಯಮ್ಮ ಎರಡೂ ತೋಳುಗಳನ್ನು ಅವಳ ಕೈಯಿಂದ ತೆಗೆದುಕೊಂಡಳು. ಬಟ್ಟೆ ಸುತ್ತಿಕೊಂಡು ಎದ್ದುಬಿಡಬಹುದಿತ್ತು. ಆದರೆ ಎದ್ದರೆ ತನ್ನ ಕೋಣೆಯ ಕೊಂಡಿ ಇವತ್ತಿಗೆ ಮುರಿಯಿತು.

"ಹೌದು," ಎಂದಳು. "ಯಾಕೆ ಹೀಗಾಯ್ತು ತೋರಿಸ್ತೀನಿ, ಹತ್ರ ಬನ್ನಿ."

ಎದೆಯ ಕಡೆ ತೋಳಿನ ಬಾಗು ಯಾಕೆ ಆಳ, ಬಟ್ಟೆಯ ಒಳಮೈ ಹೊರಮೈ ನೋಡಿ ಮಡಿಸದಿದ್ದರೆ ಏನಾಗುತ್ತದೆ ಎಂದು ಹೇಳುತ್ತ ಹೋದಳು. ಹೆಂಗಸರು ಹಳೆಯ ಪತ್ರಿಕೆ ಕತ್ತರಿಸುತ್ತ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ನಾಲ್ಕರ ಬಸ್ಸು ಹೋಯಿತು. ಐದೂವರೆಯದೂ ಹೋಯಿತು.

"ರವಿಕೆ ಕತ್ತು ಕತ್ತರಿಸೋದು ಉಳೀತಲ್ಲ ಅಕ್ಕಾ," ಎಂದಳು ಬೇಕರಿಯವಳು.

"ಮುಂದಿನ ತಿಂಗಳು ಯಾರನ್ನಾದ್ರೂ ಕಳಿಸ್ತೀ..." ರೂಢಿಯ ಮಾತು ಬಾಯಿಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು.

"ನಾನೇ ಬರ್ತೀನಿ."