ಹವಾಯಿ ಊಟದಲ್ಲಿ ಬಾಲಮ್ಮನ ಎಡೆ

ಬಾಲಮ್ಮ ಬದುಕಿದ್ದಷ್ಟು ಕಾಲ ಸೊಸೆ ಆಂಜನಮ್ಮನ ಅಡುಗೆಯನ್ನು ಒಂದು ದಿನಕ್ಕೂ ಹೊಗಳಿದವಳಲ್ಲ. ಮೊದಲನೇ ತುತ್ತಿಗೇ "ಉಪ್ಪು ಕಮ್ಮಿ" ಅನ್ನಬೇಕು, ಆಮೇಲೆ ತಟ್ಟೆ ಬಳಿದು ತಿಂದು ಏಳಬೇಕು. ಸೊಸೆಯೇನು ಕಡಿಮೆಯೇ? "ನಿನ್ ನಾಲಿಗೇಲೇ ಬೇಕಾದಷ್ಟು ಐತಲ್ಲ, ಕಲೆಸ್ಕೊಂಡು ತಿನ್ನು" ಅನ್ನೋಳು. ಮಾರತ್ತಹಳ್ಳಿ ದಾಟಿ ಕೆ.ಆರ್. ಪುರದ ಕಡೆ ಹೋದರೆ ರಿಂಗ್ ರೋಡಿಗೆ ಅಂಟಿಕೊಂಡು ಒಂದು ಹಳೇ ಊರಿದೆ. ಆ ಊರಿನಲ್ಲಿ ಈ ಅತ್ತೆ ಸೊಸೆ ಜಗಳ ಕೇಳದ ಕಿವಿ ಇರಲಿಲ್ಲ.

ಆದರೆ ಪ್ರಾಣ ಹೋಗುವ ಹೊತ್ತಿಗೆ ಮುದುಕಿ ಕರೆದದ್ದು ಮಗ ಮುನಿಆಂಜನಪ್ಪನನ್ನಲ್ಲ, ಇದೇ ಸೊಸೆಯನ್ನ. "ಗಂಡಸ್ರು ಮರ್ತ್ಬಿಡ್ತಾರೆ ಕಣೇ. ವರ್ಷಕ್ಕೊಂದ್ಸಲ ನನ್ ತಲೆ ಹತ್ರ ಹಂದಿ ಮಾಂಸದ ಎಡೆ ಇಕ್ಕು. ನೀನು ಮರೆಯಲ್ಲ. ನನ್ ಮೇಲಿನ ಹಟಕ್ಕಾದ್ರೂ ಇಕ್ತೀಯ" ಅಂದಳು. ಅತ್ತೆಯ ಬಾಯಿಂದ ಆಂಜನಮ್ಮ ಜನ್ಮದಲ್ಲಿ ಕೇಳಿದ ಹೊಗಳಿಕೆ ಅಂದರೆ ಅದೊಂದೇ.

ಅವರ ಪದ್ಧತಿಯಂತೆ ಬಾಲಮ್ಮನನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡಿ, ಗುರುತಿಗೆ ಒಂದು ದೇವಕಣಗಿಲೆ ಕೊಂಬೆ ನೆಟ್ಟರು. ಅದು ಚಿಗುರಿ ಮರವಾಯಿತು. ಪ್ರತಿ ಮಹಾಲಯ ಅಮಾವಾಸ್ಯೆಗೆ ಆಂಜನಮ್ಮ ದಾಸಯ್ಯನನ್ನು ಕರೆದುಕೊಂಡು ಹೋಗೋಳು. ದಾಸಯ್ಯ ಶಂಖ ಊದೋನು, ಇವಳು ಬಾಳೆಲೆ ಹಾಸಿ ಎಡೆ ಇಕ್ಕೋಳು, ಇಕ್ಕುತ್ತಾ ಇಕ್ಕುತ್ತಾ ಅತ್ತೆಗೆ ನಾಲ್ಕು ಮಾತು ಬೈದು ಬರೋಳು. ಆಮೇಲೆ ಮುನಿಆಂಜನಪ್ಪ ಹೊಲ ಮಾರಿದ. ಖಾಲಿ ಬಿದ್ದಿದ್ದಷ್ಟು ದಿನ ಕಾಂಪೌಂಡಿನ ಸಂದಿಯಲ್ಲಿ ನುಗ್ಗಿ ಇಕ್ಕಿ ಬರುತ್ತಿದ್ದಳು. ಹೋಟೆಲ್ ಎದ್ದ ಮೇಲೆ ಸಂದಿಯೂ ಮುಚ್ಚಿತು. ಗೇಟಿನಲ್ಲಿ ನಿಂತರೆ "ಬುಕಿಂಗ್ ಇದ್ಯಾ ಮೇಡಂ?" ಅಂತ ಕೇಳುತ್ತಿದ್ದರು.

ಹಾಗೆ ಎರಡು ವರ್ಷ ಅಮಾವಾಸ್ಯೆಗೆ ಗೇಟಿನಿಂದ ವಾಪಸ್ಸು ಬಂದಳು. ಎಡೆ ತಂದು ತಾರಸಿ ಮೇಲೆ ಇಟ್ಟಳು, ಕಾಗೆಗಳೇನೋ ತಿಂದವು. ಆದರೂ ಸಮಾಧಾನವಿಲ್ಲ. ತಲೆ ಹತ್ರ ಅಂದಿದ್ದಳೇ ಹೊರತು ಮುದುಕಿ ತಾರಸಿ ಮೇಲೆ ಅಂದಿರಲಿಲ್ಲವಲ್ಲ! ಅಲ್ಲಿಂದೀಚೆಗೆ ಆಂಜನಮ್ಮ ಹಂದಿ ಮಾಂಸ ಮುಟ್ಟುವುದನ್ನೇ ಬಿಟ್ಟಳು. ಮನೆಯವರು ಕೇಳಿದರೆ "ಗ್ಯಾಸ್ ಆಗ್ತದೆ" ಅನ್ನೋಳು. ಅತ್ತೆಗೆ ಇಕ್ಕದ್ದು ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ವಿಷಯ ಇಷ್ಟೇ.

ಗಂಡನ ಮೇಲೆ ಸಿಟ್ಟಿತ್ತು. ಹೊಲ ಮಾರಿದ ಮೇಲೆ ಆ ಮನುಷ್ಯ ಹೊಲದ ಸುದ್ದಿ ಎತ್ತಿದವನಲ್ಲ. ಹೋಟೆಲಿನ ರಸ್ತೆಯಲ್ಲಿ ಹೋಗೋದೇ ಇಲ್ಲ, ತಿಪ್ಪಸಂದ್ರಕ್ಕೂ ಸುತ್ತು ಬಳಸಿ ಹೋಗುತ್ತಿದ್ದ. ಹೆತ್ತವಳನ್ನೇ ಮರೆತ ಅಂತ ಆಂಜನಮ್ಮ ಅವನ ಲೆಕ್ಕ ಚುಕ್ತಾ ಮಾಡಿಬಿಟ್ಟಿದ್ದಳು.

ಹಿಂಗಿರುವಾಗ ಒಂದು ದಿನ ಆಂಜನಮ್ಮನ ಸೊಸೆ ಶ್ವೇತ ಮೊಬೈಲ್ ಹಿಡಿದುಕೊಂಡು ಅಡುಗೆ ಮನೆಗೆ ಬಂದಳು. "ಅತ್ತೆ, ಇಲ್ನೋಡಿ. ಇದು ಅದೇ ಮರ ಅಲ್ವಾ?"

ಅದೇ ಮರ. ಮೈತುಂಬ ಬಲ್ಬಿನ ಸರ ಸುತ್ತಿದ್ದರು. "ಅಯ್ಯೋ ಮುಂಡೇವಾ, ಮದುವೆ ಮನೆ ಮಾಡಿಟ್ಟವ್ರಲ್ಲೇ!"

"ಹೋಟೆಲ್‌ನೋರು ಲುವಾವ್ ಇಟ್ಟಿದ್ದಾರಂತೆ. ಹವಾಯಿ ಅಂತ ದ್ವೀಪ ಇದೆಯಲ್ಲ, ಅಲ್ಲಿಯೋರ ಹಬ್ಬದೂಟ. ಹಾರ ಹಾಕಿ ಕರೀತಾರೆ, ಡ್ಯಾನ್ಸ್ ಇರತ್ತೆ. ಹಂದೀನ ಎಲೆ ಮುಚ್ಚಿ ನೆಲದಲ್ಲಿ ಹೂತು ಬೇಯಿಸಿ, ಸಂಜೆಗೆ ತೆಗೀತಾರಂತೆ. ಬರೋ ಶನಿವಾರ."

ಆಂಜನಮ್ಮನ ಕೈಯಲ್ಲಿದ್ದ ಸೌಟು ನಿಂತಿತು. "ಶನಿವಾರ ಮಾಲಯ ಅಮಾವಾಸ್ಯೆ ಕಣೇ!"

"ಅದಕ್ಕೇ ಹೇಳಿದ್ದು. ಟಿಕೆಟ್ ಇದ್ರೆ ಗೇಟಲ್ಲಿ ಯಾರು ತಡೀತಾರೆ?"

"ಗುಂಡಿ ಎಲ್ಲಿ ತೋಡ್ತಾರಂತೆ?"

ಶ್ವೇತ ಇನ್ನೊಮ್ಮೆ ಓದಿ ನೋಡಿದಳು. ದನಿ ತಗ್ಗಿತು. "ಮರದ ಕೆಳಗೆ ಅಂತಿದೆ ಅತ್ತೆ."

ಆಂಜನಮ್ಮ ಒಲೆ ಆರಿಸಿ ಅಲ್ಲೇ ಕೂತಳು. ಎಡೆ ಹಾಳಾಗಲಿ, ಗುದ್ದಲಿ ಹಾಕಿ ಅತ್ತೆಯನ್ನೇ ಎಬ್ಬಿಸಿಬಿಟ್ಟರೆ? ಶನಿವಾರದವರೆಗೂ ಅದೇ ಯೋಚನೆ. ಆ ದಿನ ಬೆಳಗ್ಗೆ ಮಾಂಸ ಬೇಯಿಸಿ, ಕಜ್ಜಾಯ ಸುಟ್ಟು, ಡಬ್ಬಿಗೆ ತುಂಬಿ, ಒಂದು ಬಾಳೆಲೆ ಸುತ್ತಿ ಬ್ಯಾಗಿಗಿಟ್ಟಳು. ಹೊರಡುವಾಗ ನೋಡಿದರೆ ಮುನಿಆಂಜನಪ್ಪ ಇಸ್ತ್ರಿ ಮಾಡಿದ ಬಿಳೀ ಪಂಚೆ ಉಟ್ಟು ಬಾಗಿಲಲ್ಲಿ ನಿಂತಿದ್ದ.

"ನೀವ್ಯಾಕ್ರೀ?"

"ಶ್ವೇತ ಮೂರು ಟಿಕೆಟ್ ತಗೊಂಡವ್ಳಲ್ಲ. ದಂಡ ಯಾಕೆ?" ಅಂದ. ಮುಖ ನೋಡಿ ಹೇಳಲಿಲ್ಲ.

ಗೇಟಿನಲ್ಲಿ ಬ್ಯಾಗ್ ತೆಗೆಸಿದರು. ಸೆಕ್ಯೂರಿಟಿಯವನು ಮರ್ಯಾದಸ್ಥನೇ, ಆದರೆ ಡಬ್ಬಿ ಮಾತ್ರ ಬಿಡಲಿಲ್ಲ. "ಹೊರಗಿನ ಊಟ ಅಲೌ ಇಲ್ಲ ಆಂಟಿ. ಹೋಗ್ವಾಗ ತಗೊಳ್ಳಿ." ಆಂಜನಮ್ಮ ಬೇಡಿದಳು, ಬೈದಳು, ಹಿರಿಯರ ಶಾಪ ತಟ್ಟುತ್ತದೆ ಅಂತಲೂ ಹೆದರಿಸಿದಳು. ಆ ಯಪ್ಪ ಜಗ್ಗಬೇಕಲ್ಲ! ಬಾಳೆಲೆಯನ್ನು ಏನೋ ಅಲಂಕಾರದ್ದು ಅಂದುಕೊಂಡನೋ ಏನೋ, ಅದನ್ನು ಬಿಟ್ಟ. ಎಲೆ ಒಳಗೆ ಹೋಯಿತು, ಎಡೆ ಹೊರಗುಳಿಯಿತು.

ಒಳಗೆ ಕಾಲಿಟ್ಟರೆ ಎಲ್ಲೆಲ್ಲೂ ಪಂಜು, ಹಸಿರು ಹುಲ್ಲು. ಬಣ್ಣಬಣ್ಣದ ಹೂವಿನ ಅಂಗಿ ತೊಟ್ಟ ಆಫೀಸಿನ ಜನ. ರಿಮ್ಶಾ ಅಂತ ಎದೆ ಮೇಲೆ ಹೆಸರು ಸಿಕ್ಕಿಸಿಕೊಂಡಿದ್ದ ಹುಡುಗಿ ನಗುನಗುತ್ತಾ ಬಂದು ಆಂಜನಮ್ಮನ ಕೊರಳಿಗೆ ಹಾರ ಹಾಕಿದಳು. "ಅಲೋಹಾ ಆಂಟಿ! ನಮ್ಮ ದ್ವೀಪಕ್ಕೆ ಸ್ವಾಗತ."

"ನೋಡೇ ಶ್ವೇತ, ಯಾರ ಹೊಲಕ್ಕೆ ಯಾರು ಕರೀತಾ ಅವ್ರೆ!" ಅಂದ ಆಂಜನಮ್ಮನ ಮೂಗಿಗೆ ಆ ವಾಸನೆ ಬಡಿಯಿತು. ದೇವಕಣಗಿಲೆ. "ಹೂವ ಎಲ್ಲಿದಮ್ಮ?"

"ಇಲ್ಲೀದೇ ಆಂಟಿ, ನಮ್ಮ ಮರದ್ದು. ಬೆಳಿಗ್ಗೆಯಿಂದ ಕೂತು ಪೋಣಿಸಿದ್ವಿ."

ಮಣ್ಣು ಮಾಡಿದ ಜಾಗದಲ್ಲಿ ಬೆಳೆದ ಹೂವನ್ನು ಅವರ ಕಡೆ ಯಾರೂ ಮುಡಿಯೋದಿಲ್ಲ. ತೆಗೆದು ಹಾಕಬೇಕು ಅಂತ ಕೈ ಎತ್ತಿದಳು, ಎತ್ತಿದ ಕೈ ಹಾಗೇ ಇಳಿಯಿತು. ಮದುವೆಯಾಗಿ ಬಂದಾಗಿನಿಂದ ಅತ್ತೆ ಒಂದೆಳೆ ಸರ ಹಾಕಿದ್ದಿಲ್ಲ. ಈಗಲಾದರೂ ಕೊರಳಿಗೆ ಏನೋ ಬಿತ್ತಲ್ಲ, ಇರಲಿ ಬಿಡು ಅನ್ನಿಸಿತು.

ರಿಮ್ಶಾ ಮೈಕ್ ಹಿಡಿದು ಹೇಳುತ್ತಿದ್ದಳು: "ಹುಲಾ ಅಂದ್ರೆ ಬರೀ ಡ್ಯಾನ್ಸ್ ಅಲ್ಲ. ಆ ದ್ವೀಪದವ್ರು ಅದ್ರಲ್ಲಿ ತಮ್ಮ ಹಿರಿಯರ ಹೆಸರು, ನೆಲದ ಹೆಸರು ನೆನಪು ಮಾಡ್ಕೋತಾರೆ. ನಾವು ವಿಡಿಯೋ ನೋಡಿ ಕಲ್ತಿರೋರು. ತಪ್ಪಾದ್ರೆ ಅವ್ರು ಹೊಟ್ಟೆಗೆ ಹಾಕ್ಕೊಳ್ಲಿ."

ಒಳ್ಳೇ ಜನ ಕಣಪ್ಪ ಅವರು ಅಂದುಕೊಂಡಳು ಆಂಜನಮ್ಮ. ಅಷ್ಟು ದೂರದವರಿಗೂ ಹಿರಿಯರ ನೆನಪಿದೆ. ಇಲ್ಲಿ ಪಕ್ಕದಲ್ಲಿ ಕೂತ ಮಗನಿಗೇ ಇಲ್ಲ! ಹಾಗಂದುಕೊಂಡು ಗಂಡನ ಕಡೆ ಕಣ್ಣು ಬಿಟ್ಟಳು. ಮುನಿಆಂಜನಪ್ಪ ಪಂಚೆಯ ಅಂಚು ಹಿಂಡುತ್ತಾ ಕೂತಿದ್ದ.

ಆಗ ಶಂಖ ಮೊಳಗಿತು.

ಆಂಜನಮ್ಮ ಕತ್ತೆತ್ತಿ ನೋಡಿದಳು. ದಾಸಯ್ಯ ಊದಿದ ಮೇಲೆ ಈ ನೆಲದಲ್ಲಿ ಆ ಸದ್ದು ಕೇಳಿರಲಿಲ್ಲ. ಮರದ ಪಕ್ಕ ಎಲೆಗಳ ಸೊಂಟಪಟ್ಟಿ ಕಟ್ಟಿಕೊಂಡಿದ್ದ ಮೂವತ್ತರ ಆಸುಪಾಸಿನ ಕಪ್ಪನೆಯ ಆಳು ಕೆನ್ನೆ ಉಬ್ಬಿಸಿ ಊದುತ್ತಿದ್ದ. ಅವನ ಮುಂದೆ ಒಂದು ಮಣ್ಣಿನ ಗುಡ್ಡೆ, ಗುಡ್ಡೆಯಿಂದ ಹೊಗೆ. ಇಬ್ಬರು ಅಡುಗೆಯವರು ಗುದ್ದಲಿ ಹಿಡಿದು ಬಂದರು. ಮಣ್ಣು ಕೆದರಿದರು.

"ನಿಲ್ಸ್ರೋ! ಅಲ್ಲಿ ನಮ್ಮತ್ತೆ ಅವ್ಳೆ!"

ಕೂಗಿದ್ದು ತಾನೇ ಅಂತ ಅವಳಿಗೆ ತಿಳಿಯುವ ಹೊತ್ತಿಗೆ ಗುಂಡಿಯ ಸುತ್ತ ಕಟ್ಟಿದ್ದ ಹಗ್ಗ ದಾಟಿ ಓಡಿದ್ದಳು. ಸೆರಗು ಜಾರಿತ್ತು, ಒಂದು ಚಪ್ಪಲಿ ಹಿಂದೆಯೇ ಉಳಿದಿತ್ತು. ಜನ ಇದೂ ಪ್ರೋಗ್ರಾಮಿನದ್ದೇ ಅಂದುಕೊಂಡು ಚಪ್ಪಾಳೆ ಹೊಡೆದರು. ಅಡುಗೆಯವರಿಗೆ ಭಾಷೆ ತಿಳಿಯದು, ಗುದ್ದಲಿ ಹಿಡಿದು ಕಣ್ಣು ಕಣ್ಣು ಬಿಟ್ಟರು. ಶಂಖದವನು ಮಾತ್ರ ಶಂಖ ಇಳಿಸಿ ಅವಳ ರಟ್ಟೆ ಹಿಡಿದುಕೊಂಡ.

"ಯವ್ವಾ, ಬೀಳ್ತೀರಿ, ಬೆಂಕಿ ಐತಿ. ಯಾರನ್ನ ಮಣ್ಣು ಮಾಡ್ಯಾರ್ರೀ ಇಲ್ಲಿ?" ದೇವದುರ್ಗದ ಕಡೆಯ ಮಾತು. ಹೆಸರು ದುರ್ಗೇಶ, ಹಗಲು ಕಟ್ಟಡದ ಕೆಲಸ, ಶನಿವಾರ ಶನಿವಾರ ಈ ವೇಷ.

"ನಮ್ಮತ್ತೆ ಕಣಪ್ಪಾ. ಅಗೆದುಬಿಟ್ರಾ? ಮೂಳೆ ಏನಾದ್ರೂ ಸಿಕ್ತೇನಪ್ಪಾ?" ಅಂತ ಗೋಳೋ ಅಂದಳು. ಸುತ್ತ ನೋಡಿದರೆ ಅವಳಿಗೆ ದಿಕ್ಕೇ ಸಿಗುತ್ತಿಲ್ಲ. ಹಳೇ ಬಾವಿ ಇಲ್ಲ, ನುಗ್ಗುತ್ತಿದ್ದ ಸಂದಿ ಇಲ್ಲ, ಗೇಟು ಬೇರೆ ಕಡೆ. ಮರದ ಯಾವ ಮಗ್ಗುಲಿಗೆ ಅತ್ತೆ ಅನ್ನೋದೇ ತಪ್ಪಿಹೋಗಿತ್ತು.

"ಅಲ್ಲಲ್ಲ ಕಣೇ. ಅದು ಈ ಕಡೆ."

ಮುನಿಆಂಜನಪ್ಪ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಬಂದಿದ್ದ. ಕಾಂಪೌಂಡಿನ ಆಚೆ ಊರ ಮುನೇಶ್ವರನ ಬೇವಿನ ಮರದ ತುದಿ ಕಾಣುತ್ತಿತ್ತು. ಅದಕ್ಕೆ ಬೆನ್ನು ಮಾಡಿ ನಿಂತು, ದೇವಕಣಗಿಲೆಯನ್ನು ಸುತ್ತಿ ಬಲಗಡೆಗೆ ಬಂದ. ಅಲ್ಲಿ ಬರೀ ಹುಲ್ಲಿತ್ತು, ಗುದ್ದಲಿ ಬಿದ್ದ ಗುರುತೇ ಇರಲಿಲ್ಲ. ಮಂಡಿಯೂರಿ ನೆಲದ ಮೇಲೆ ಅಂಗೈ ಇಟ್ಟ. "ಗಿಡ ನೆಟ್ಟಿದ್ದು ಕಾಲ ಹತ್ರ. ತಲೆ ಇಲ್ಲಿ. ಯಾರೂ ಮುಟ್ಟಿಲ್ಲ ಅಮ್ಮನ್ನ."

ಆಂಜನಮ್ಮ ಪಕ್ಕದಲ್ಲೇ ಕುಸಿದು ಕೂತಳು. ಉಸಿರು ಬಂದ ಮೇಲೆ "ನೀವು ಮರ್ತೇಬಿಟ್ರಿ ಅಂದ್ಕೊಂಡಿದ್ದೆ" ಅಂದಳು.

"ಮರೆಯೋದು ಹೆಂಗೇ? ಮಾರಿದೋನು ನಾನು. ಯಾವ ಮುಖ ಹೊತ್ಕೊಂಡು ಇಲ್ಲಿಗೆ ಬರ್ಲಿ ಹೇಳು" ಅಂದ. ಗಂಡನ ಕಣ್ಣಲ್ಲಿ ನೀರು ನೋಡಿ ಆಂಜನಮ್ಮನಿಗೆ ಅಯ್ಯೋ ಅನ್ನಿಸಿತು. ಇಷ್ಟು ದಿನ ಬೈದದ್ದೆಲ್ಲ ನೆನಪಾಗಿ ನಾಚಿಕೆಯೂ ಆಯಿತು.

ರಿಮ್ಶಾ ಓಡಿಬಂದಳು. ಆಚೆಗೆ ಕಳಿಸುತ್ತಾಳೆ ಅಂದುಕೊಂಡರೆ, ದುರ್ಗೇಶ ಸಮಾಧಿಯ ವಿಷಯ, ಶ್ವೇತ ಎಡೆಯ ವಿಷಯ ಹೇಳಿದ್ದನ್ನು ಕೇಳಿ ತಲೆ ಮೇಲೆ ದುಪಟ್ಟಾ ಎಳೆದುಕೊಂಡಳು. "ಆಂಟಿ, ನಂಗೆ ಗೊತ್ತೇ ಇರ್ಲಿಲ್ಲ. ಆ ಹೂವನ್ನೇ ಪೋಣಿಸಿ ಕೊರಳಿಗೆ ಹಾಕ್ಬಿಟ್ನಲ್ಲ! ಒಂದು ಎಲೆ ಊಟ ತಾನೆ, ಇಡಿ. ನಾನು ಡ್ಯಾನ್ಸ್ ಶುರು ಮಾಡ್ಸ್ತೀನಿ, ಜನ ಆ ಕಡೆ ನೋಡ್ತಾರೆ."

ಶ್ವೇತ ಗುಂಡಿಯಿಂದ ಆಗ ತಾನೇ ತೆಗೆದ ಮಾಂಸವನ್ನು ತಟ್ಟೆ ತುಂಬ ತಂದಳು, ಹೊಗೆಯಾಡುತ್ತಿತ್ತು. ಜೊತೆಗೆ ಕೆಸುವಿನ ಗೆಡ್ಡೆ ಅರೆದು ಮಾಡಿದ್ದ ನೇರಳೆ ಬಣ್ಣದ ಅಂಟಂಟು ಪದಾರ್ಥ. "ಎಸರು ಜಾಸ್ತಿಯಾದ ಮುದ್ದೆ ಇದ್ದಂಗೈತೆ" ಅಂತ ಗೊಣಗುತ್ತಲೇ ಆಂಜನಮ್ಮ ಬಾಳೆಲೆ ಹಾಸಿ ಎಲ್ಲವನ್ನೂ ಬಡಿಸಿದಳು. ಕೊರಳಿನ ಹಾರ ತೆಗೆದು ಎಲೆಯ ಮುಂದಿಟ್ಟಳು.

"ಊದ್ಲೇನ್ರೀ ಯವ್ವಾ? ನಮ್ಮ ಕಡಿನೂ ಊದ್ತಾರ" ಅಂದ ದುರ್ಗೇಶ. ಊದಿದ. ಆಗ ಪ್ರೋಗ್ರಾಮಿಗೆ ಊದಿದ ಹಾಗಲ್ಲ, ಉಸಿರು ಮುಗಿಯುವವರೆಗೂ ಎಳೆದು ಊದಿದ.

ಹಿರಿಯರು ಉಣ್ಣುವಾಗ ನೋಡಬಾರದು. ಮೂವರೂ ಬೆನ್ನು ತಿರುಗಿಸಿ ಕೂತರು. ಆ ಕಡೆ ಹುಡುಗಿಯರು ಕೈ ಬಳುಕಿಸಿ ಕುಣಿಯುತ್ತಿದ್ದರು, ಅರ್ಥವಾಗದ ಹಾಡಿನಲ್ಲಿ ಯಾರದೋ ಹಿರಿಯರ ಹೆಸರಿತ್ತು. "ಎರಡು ವರ್ಷ ತಪ್ಪಿಸ್ದೆ ಕಣತ್ತೆ. ಬೈಯಿ ನನ್ನ" ಅಂದಳು ಆಂಜನಮ್ಮ. ಯಾರೂ ಬೈಯಲಿಲ್ಲ. ಹದಿನೆಂಟಕ್ಕೆ ಮನೆ ತುಂಬಿದವಳು ತಾನು, ಬೈದು ಬೈದೇ ಬೆಳೆಸಿದವಳು ಆ ಮುದುಕಿ. ಅವಳಿಲ್ಲದೆ ಮನೆಯಲ್ಲಿ ಬಾಯಿಗೆ ಬಾಯಿ ಕೊಡುವವರೇ ಇಲ್ಲ ಅಂತ ದುಃಖ ಒತ್ತರಿಸಿ ಬಂತು.

ಸ್ವಲ್ಪ ಹೊತ್ತಾದ ಮೇಲೆ ತಿರುಗಿ, ಎಲೆಯಿಂದ ಒಂದು ಚೂರು ಮಾಂಸ ಮುರಿದು ಬಾಯಿಗಿಟ್ಟಳು. ಎರಡು ವರ್ಷದ ಮೇಲೆ ಮೊದಲ ತುತ್ತು. ಅಗಿದಳು, ನುಂಗಿದಳು, ಸಲೀಸಾಗಿ ಇಳಿಯಿತು.

"ಉಪ್ಪು ಕಮ್ಮಿ" ಅಂದಳು.

ಅಂದವಳು ಬಾಯಿ ಮುಚ್ಚಿಕೊಂಡಳು. ಶ್ವೇತ ಕಣ್ಣರಳಿಸಿ ನೋಡಿದಳು. ಮುನಿಆಂಜನಪ್ಪ ಎದ್ದು ಹೋಗಿ ಹತ್ತಿರದ ಟೇಬಲ್ಲಿನಿಂದ ಉಪ್ಪಿನ ಶೀಶೆ ತಂದ. ಮೊದಲು ಅಮ್ಮನ ಎಲೆಗೆ ಉದುರಿಸಿ, ಆಮೇಲೆ ಹೆಂಡತಿಯ ಕೈಗೆ ಕೊಟ್ಟ.