ಸ್ವಇಚ್ಛೆಯ ರಾಜೀನಾಮೆ

ಮಧ್ಯಾಹ್ನದ ಹೊತ್ತಿಗೆ ಅವಳ ಬಲಗಾಲು ಊದಿಕೊಂಡು ಚಪ್ಪಲಿಗೇ ಹಿಡಿಸುತ್ತಿರಲಿಲ್ಲ. ಹೆಬ್ಬೆರಳ ಪಕ್ಕದ ಹುಣ್ಣು ಎರಡು ತಿಂಗಳಾದರೂ ಮಾಯ್ದಿರಲಿಲ್ಲ. ಅದಕ್ಕೊಂದು ಬಟ್ಟೆ ಚೂರು ಸುತ್ತಿ, ಅದೇ ಕಾಲಿನಿಂದ ಹೊಲಿಗೆ ಮಿಷನ್ನಿನ ಪೆಡಲ್ ಒತ್ತುತ್ತಿದ್ದಳು.

ಹನ್ನೊಂದು ವರ್ಷದಿಂದ ಅವಳಿಗೆ ಒಂದೇ ಕೆಲಸ, ಅಂಗಿಗೆ ಕಾಲರ್ ಕೂರಿಸುವುದು. ತೋಳು ಹೊಲಿಯುವವಳು ಬೇರೆ, ಗುಂಡಿ ಹಾಕುವವಳು ಬೇರೆ. ಹಾಗಾಗಿ ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಅವಳು ಕಾಲರ್ ಅಕ್ಕ. ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ನೀರು ಕುಡಿದರೆ ಏಳಬೇಕು. ಎದ್ದರೆ ಸೂಪರ್‌ವೈಸರನ ಬಾಯಿಗೆ ಸಿಗಬೇಕು. "ಮಹಾರಾಣಿಯವರ ಸವಾರಿ ಮತ್ತೆ ಹೊರಟಿತಾ?" ಎಂದು ನೂರು ಜನರ ಮುಂದೆ ಕೂಗುತ್ತಿದ್ದ. ಅದಕ್ಕೆ ಅವಳು ನೀರನ್ನೇ ಬಿಟ್ಟಳು. ಆದರೂ ಗಂಟೆಗೊಮ್ಮೆ ಏಳಲೇಬೇಕಾಗುತ್ತಿತ್ತು. ಏನು ಮಾಡಿದರೂ ಬಾಯಾರಿಕೆ ತೀರುತ್ತಿರಲಿಲ್ಲ.

ಊಟದ ಬಿಡುವನ್ನು ಅರ್ಧ ಗಂಟೆಯಿಂದ ಹತ್ತು ನಿಮಿಷಕ್ಕಿಳಿಸಿದ ಕಂಪನಿಯವರು, ಅದಕ್ಕೆ ಬದಲಾಗಿ ಎರಡು ಹೊತ್ತು ಪಾಯಸದಂಥ ಟೀ, ಒಂದೊಂದು ಬನ್ನು ಬಿಟ್ಟಿ ಕೊಡಲು ಶುರುಮಾಡಿದ್ದರು. ಕೂತಲ್ಲಿಗೇ ಬರುತ್ತಿತ್ತು. ಒಂದು ಕೈಯಲ್ಲಿ ಬನ್ನು, ಇನ್ನೊಂದು ಕೈಯಲ್ಲಿ ಕಾಲರ್. ಊರಲ್ಲಿ ಕೂಲಿಗೆ ಹೋಗುತ್ತಿದ್ದ ಕಾಲಕ್ಕೆ ದಿನಕ್ಕೆ ಮೂರು ಹರದಾರಿ ನಡೆದವಳು ಅವಳು. ಇಲ್ಲಿ ವ್ಯಾನು ಓಣಿಯ ಬಾಯಲ್ಲಿ ತುಂಬಿಕೊಂಡು ಫ್ಯಾಕ್ಟರಿ ಗೇಟಿನೊಳಗೆ ಸುರಿಯುತ್ತಿತ್ತು. ರಾತ್ರಿ ಮತ್ತೆ ಹಾಗೇ ತುಂಬಿಕೊಂಡು ಹೋಗಿ ಸುರಿಯುತ್ತಿತ್ತು.

ಹೀಗಿರುವಾಗ ಒಂದು ಸೋಮವಾರ ಕಂಪನಿಯಲ್ಲಿ ಆರೋಗ್ಯ ಶಿಬಿರ ನಡೆಯಿತು. 'ನಿಮ್ಮ ಆರೋಗ್ಯ, ನಮ್ಮ ಕಾಳಜಿ' ಎಂದು ಬ್ಯಾನರು ಕಟ್ಟಿದ್ದರು. ಮೊದಲ ದಿನ ಕೆಳಗಿನ ಮಹಡಿಯವರ ಸರದಿ. ನರ್ಸು ಬೆರಳಿಗೆ ಸೂಜಿ ಚುಚ್ಚಿ, ಹನಿ ರಕ್ತ ಹಿಂಡಿ, ಚೀಟಿ ಬರೆದು ಕೊಟ್ಟು, ಅದರ ನಕಲನ್ನು ಕಂಪನಿಯ ಕಡತಕ್ಕೆ ಸೇರಿಸಿದಳು. ಕಾಲರ್ ಅಕ್ಕನ ಚೀಟಿ ನೋಡಿ ಅವಳ ಹುಬ್ಬು ಮೇಲೇರಿತು.

"ಮುನ್ನೂರ ನಲವತ್ತು! ಸಕ್ಕರೆ ಕಾಯಿಲೆ ಕಣಮ್ಮ. ದಿನಾ ಒಂದು ಗಂಟೆ ನಡೀರಿ. ಹಣ್ಣು, ತರಕಾರಿ ತಿನ್ನಿ. ಚೆನ್ನಾಗಿ ನಿದ್ದೆ ಮಾಡಿ."

"ಎಲ್ಲಿ ನಡೀಲಿ ಮೇಡಂ?" ಎಂದಳು. ಅವಳಿರುವ ಕೋಣೆಯಲ್ಲಿ ಗೋಡೆಯಿಂದ ಬಾಗಿಲಿಗೆ ನಾಲ್ಕೇ ಹೆಜ್ಜೆ. ಬಾಗಿಲಾಚೆ ತೆರೆದ ಚರಂಡಿ, ಅದರಾಚೆ ಲಾರಿಗಳ ಸಾಲು. ನರ್ಸು ಆಗಲೇ ಮುಂದಿನವಳ ಬೆರಳು ಹಿಡಿದಿದ್ದಳು.

ಮನೆಯಲ್ಲಿ ಅವಳ ತಾಯಿ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಓದು ಬಾರದ ಮುದುಕಿ. ಎಪ್ಪತ್ತೆರಡು ದಾಟಿದ್ದರೂ ನೀರಿನ ಕೊಡವನ್ನು ಇನ್ನೂ ತಾನೇ ಹೊರುತ್ತಿದ್ದಳು.

"ಅದು ಸಾಹುಕಾರರಿಗೆ ಬರೋ ಕಾಯಿಲೆ ಅಲ್ವೇನೇ? ಅಂತೂ ನಮ್ಮ ವಂಶದಲ್ಲೂ ಒಬ್ಬಳು ಸಾಹುಕಾರ್ತಿ ಆದ್ಲು ಬಿಡು!"

ಇಬ್ಬರೂ ನಕ್ಕರು. ನಗುತ್ತಿದ್ದ ಮುದುಕಿ ಮಗಳ ಕಾಲಿನ ಬಟ್ಟೆ ಬಿಚ್ಚಿ ನೋಡಿದಳು. ಆಮೇಲೆ ಎದ್ದು ಹೋಗಿ ನೀರು ಕಾಯಿಸಲು ಒಲೆ ಹಚ್ಚಿದಳು.

ಮರುದಿನ ಬೆಳಿಗ್ಗೆ ಸಿಬ್ಬಂದಿ ಅಧಿಕಾರಿ ಅವಳನ್ನು ಕರೆಸಿದ. ಮೇಜಿನ ಮೇಲೆ ಅಚ್ಚು ಹಾಕಿದ ಒಂದು ಕಾಗದವಿತ್ತು.

"ಕೂತ್ಕೊಳ್ಳಮ್ಮ. ನಿನ್ನ ರಿಪೋರ್ಟ್ ನೋಡಿ ನನಗೇ ಸಂಕಟ ಆಯ್ತು. ನೀನಿನ್ನು ವಿಶ್ರಾಂತಿ ತಗೋ. ಇಲ್ಲೊಂದು ಸೈನ್ ಹಾಕು."

ಏಳನೇ ಕ್ಲಾಸಿನವರೆಗೆ ಓದಿದ್ದ ಅವಳು ಬೆರಳಿಟ್ಟು ಓದಿದಳು. 'ಆನುವಂಶಿಕ ಕಾಯಿಲೆಯ ಕಾರಣ ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ.'

"ಆನುವಂಶಿಕ ಅಂದ್ರೇನು ಸಾರ್?"

"ಅಪ್ಪ ಅಮ್ಮನಿಂದ ಬಂದದ್ದು."

"ನಮ್ಮಪ್ಪ ಎಂಬತ್ತರವರೆಗೆ ಹಾರೆ ಹಿಡಿದ. ನಮ್ಮಮ್ಮ ಇವತ್ತು ಬೆಳಿಗ್ಗೆ ಆರು ಕೊಡ ನೀರು ಹೊತ್ತಿದಾಳೆ. ಅವರಿಂದ ಯಾವುದು ಬಂತು ಸಾರ್?"

"ಹಾಗಾದ್ರೆ ಸಿಹಿ ಜಾಸ್ತಿ ತಿಂದಿರ್ತೀಯ."

"ತಿಂದಿದೀನಿ. ನೀವೇ ಕೊಟ್ಟಿದ್ದು."

ಅಧಿಕಾರಿಯ ದನಿ ಗಡುಸಾಯಿತು. "ಉಂಡ ಮನೆ ಜಂತೆ ಎಣಿಸಬೇಡ. ಕಾಯಿಲೆಯವರನ್ನು ಇಟ್ಕೊಂಡ್ರೆ ಅದರ ಖರ್ಚು ಯಾರು ಹೊರ್ತಾರೆ? ನೀನೊಬ್ಬಳೇ ಅಲ್ಲ, ಹತ್ತೊಂಬತ್ತು ಜನ ಇದೀರಿ."

ಬೇಡದ ಮಾತು ಬಾಯಿ ಜಾರಿತ್ತು. ಹತ್ತೊಂಬತ್ತು! ಕಬ್ಬಿನ ರಸ ಹಿಂಡಿಕೊಂಡು ಸಿಪ್ಪೆ ಆರಿಸಿ ಎಸೆಯುತ್ತಿದ್ದಾರೆ. ಆ ಸೂಜಿ ಚುಚ್ಚಿದ್ದು ಅದಕ್ಕೇ.

ಕಾಗದವನ್ನು ಅವನ ಕಡೆಗೇ ತಳ್ಳಿದಳು. "ಇದರಲ್ಲಿ ನನ್ನ ಇಚ್ಛೆ ಯಾವುದೂ ಇಲ್ಲ. ನಿಮ್ಮದೇ ಇರೋದು, ನೀವೇ ಸೈನ್ ಹಾಕಿ."

ಹೊರಗೆ ಅದೇ ಕಾಗದ ಹಿಡಿದು ಸರದಿ ಕಾಯುತ್ತಿದ್ದವರಿಗೆ "ಸೈನ್ ಹಾಕಬೇಡಿ" ಎಂದವಳು ಗೇಟಿನ ಕಡೆ ಹೋಗಲಿಲ್ಲ. ಕುಂಟುತ್ತಾ ಮೆಟ್ಟಿಲು ಹತ್ತಿದಳು. ಕಾಲಿನ ಬಟ್ಟೆ ಒದ್ದೆಯಾಗಿ, ಮೆಟ್ಟಿಲ ಮೇಲೆ ಕಲೆ ಬೀಳುತ್ತಿತ್ತು. ಮೇಲಿನ ಮಹಡಿಯಲ್ಲಿ ಅವತ್ತಿನ ಶಿಬಿರ ಈಗಷ್ಟೇ ಶುರುವಾಗುತ್ತಿತ್ತು. ನರ್ಸು ಸೂಜಿ ಜೋಡಿಸುತ್ತಿದ್ದಳು. ನೂರಾರು ಹೆಂಗಸರು ಸಾಲಾಗಿ ನಿಂತಿದ್ದರು.

"ಬೆರಳು ಕೊಡಬೇಡಿ!" ಕಾಲರ್ ಅಕ್ಕ ಕೂಗಿದಳು. "ಆ ಚೀಟಿಯ ನಕಲು ಆಸ್ಪತ್ರೆಗೆ ಹೋಗಲ್ಲ, ಆಫೀಸಿಗೆ ಹೋಗುತ್ತೆ. ಕೆಳಗೆ ಹತ್ತೊಂಬತ್ತು ಜನಕ್ಕೆ ಮನೆದಾರಿ ತೋರಿಸ್ತಿದಾರೆ. ನಾಳೆ ನಿಮಗೆ!"

ಗದ್ದಲ ಎದ್ದಿತು. ಸೂಪರ್‌ವೈಸರ್ ಓಡಿ ಬಂದ. "ಹುಚ್ಚಿ ಮಾತು ಕೇಳಬೇಡಿ. ಇದೆಲ್ಲ ನಿಮ್ಮ ಒಳ್ಳೇದಕ್ಕೇ!"

ಸಾಲಿನ ಮೊದಲಿಗೆ ನಿಂತಿದ್ದವಳು ಗುಂಡಿ ಹಾಕುವ ದಪ್ಪ ಹೆಂಗಸು. ಆರು ತಿಂಗಳಿಂದ ಅವಳಿಗೆ ಕಣ್ಣು ಮಂಜು, ಕೈ ಜೋಮು. ಯಾರಿಗೂ ಹೇಳಿರಲಿಲ್ಲ.

"ನಮ್ಮ ಒಳ್ಳೇದಕ್ಕಾ?" ಎಂದಳು. "ಹಂಗಾದ್ರೆ ಔಷಧಿ ಕೊಡಿ, ಅನ್ನ ಕಿತ್ಕೋಬೇಡಿ. ಕಾಯಿಲೆ ಇದ್ದರೆ ನನಗೂ ಗೊತ್ತಾಗಬೇಕಣ್ಣ. ಆದ್ರೆ ಚೀಟಿ ನನ್ನ ಕೈಗೆ ಮಾತ್ರ ಬರಲಿ, ನಿಮ್ಮ ಕೈಗಲ್ಲ."

"ಬೆರಳು ಕೊಡು, ಲೇಟಾಗುತ್ತೆ" ಎಂದ ಸೂಪರ್‌ವೈಸರ್.

ಅವಳು ಮುಷ್ಟಿ ಬಿಗಿದು ಸೆರಗಿನೊಳಗೆ ಹುದುಗಿಸಿದಳು. ಹಿಂದಿನವಳೂ ಬಿಗಿದಳು. ಅವಳ ಹಿಂದಿನವಳೂ. ಕಾವಲಿನವನು ಕಾಲರ್ ಅಕ್ಕನ ರಟ್ಟೆ ಹಿಡಿದು ಎಳೆಯುತ್ತಿದ್ದ. ಅವಳು ಮೆಟ್ಟಿಲ ಕಂಬಿಯನ್ನು ಬಿಡಲಿಲ್ಲ. ಕೆಳಗಿನಿಂದ ಒಬ್ಬೊಬ್ಬರಾಗಿ, ಉಳಿದ ಹದಿನೆಂಟು ಜನ ಸಹಿ ಮಾಡದ ಕಾಗದ ಹಿಡಿದು ಮೇಲೆ ಬರುತ್ತಿದ್ದರು.

ಅವತ್ತು ಸಂಜೆಯವರೆಗೂ ಆ ಮಹಡಿಯಲ್ಲಿ ನರ್ಸಿಗೆ ಒಂದು ಹನಿ ರಕ್ತವೂ ಸಿಗಲಿಲ್ಲ.